ಮಂತ್ರಿಗಳ ಸಹಿ, ಸಂಪುಟದ ಮಾತು

(ದಾವಣಗೆರೆಯಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಓದುವವರ ಅನುಕೂಲಕ್ಕೆ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿ ಒಂದು ಹಾಳೆ ಇದೆ. ಹಿಂದಿನ ಸಾಲಿನವರಿಗೂ ಕಾಣಲಿ ಎಂದು ಎತ್ತಿ ಹಿಡಿಯುತ್ತೇನೆ. ಬಿಳಿ ಹಾಳೆ, ಈಗ ಹಳದಿ ತಿರುಗಿದೆ. ನಾಲ್ಕು ಮಡಿಕೆ ಇದೆ. ಮಡಿಕೆ ಕೂಡುವ ಜಾಗ ಸವೆದು ತೂತಾಗಿದೆ. ಇದು ನಮ್ಮ ದೊಡ್ಡಪ್ಪ 1998ರಲ್ಲಿ ಒಬ್ಬ ಮಂತ್ರಿಗಳಿಗೆ ಕೊಟ್ಟ ಅರ್ಜಿ.

ನಮ್ಮದು ಜಗಳೂರು ಕಡೆಯ ಹಳ್ಳಿ. ಊರ ಕೆರೆಯ ಕೋಡಿ ಒಡೆದು ಎರಡು ಮಳೆಗಾಲ ಕಳೆದಿತ್ತು. ಬಂದ ನೀರು ನಿಲ್ಲುತ್ತಿರಲಿಲ್ಲ. ಕೋಡಿ ರಿಪೇರಿ ಮಾಡಿಸಿಕೊಡಿ ಎಂದು ದೊಡ್ಡಪ್ಪ ಬರೆಸಿದ್ದರು. ಮಂತ್ರಿಗಳು ದಾವಣಗೆರೆಗೆ ಬಂದಾಗ ಪ್ರವಾಸಿ ಮಂದಿರದ ಮುಂದೆ ಅರ್ಧ ದಿನ ನಿಂತು ಕೈಗೆ ಕೊಟ್ಟರು. ಮಂತ್ರಿಗಳು ಕಾರು ಹತ್ತುವ ಮುಂಚೆ ಎಡಗಡೆ ಮೂಲೆಯಲ್ಲಿ ಬರೆದರು: ‘ಪರಿಶೀಲಿಸಿ ಕೂಡಲೇ ಕ್ರಮ ವಹಿಸಿ.’ ಕೆಳಗೆ ಸಹಿ, ತಾರೀಕು. ಜೊತೆಗಿದ್ದವರು ಒಂದು ಪ್ರತಿ ಇಟ್ಟುಕೊಂಡು, ಸಹಿ ಇದ್ದ ಹಾಳೆಯನ್ನು ‘ಇಂಜಿನಿಯರ್ ಹತ್ರ ತಗೊಂಡು ಹೋಗಿ ಅಜ್ಜ’ ಎಂದು ವಾಪಸ್ ಕೊಟ್ಟರು.

ದೊಡ್ಡಪ್ಪ ಇದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಟ್ರಂಕಿನಲ್ಲಿ ಇಟ್ಟರು. ಊರಲ್ಲಿ ಎಲ್ಲರಿಗೂ ‘ಕೋಡಿ ಮಂಜೂರಾಗಿದೆ’ ಎಂದು ಹೇಳಿದರು. ಎರಡು ವರ್ಷ ಕಾದು, ಕೊನೆಗೆ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬಂದರು. ನಾನು ಆಗ ಸಚಿವಾಲಯದಲ್ಲಿ ಕೆಲಸಕ್ಕಿದ್ದೆ. ಬಹುಮಹಡಿ ಕಟ್ಟಡದ ಗೇಟಿನ ಹತ್ತಿರ ಪಾಸಿಗೆ ಸಾಲಲ್ಲಿ ನಿಂತಿದ್ದವರು ನನ್ನನ್ನು ಕಂಡು ಕವರ್ ತೆಗೆದು ಕೊಟ್ಟರು. ‘ನೋಡಪ್ಪ, ಸರ್ಕಾರ ಆರ್ಡರ್ ಮಾಡಿ ಎರಡು ವರ್ಷ ಆತು. ನಿಮ್ಮ ಆಫೀಸ್‌ನೋರು ಯಾಕೆ ಹಿಡ್ಕಂಡು ಕುಂತೀರಿ?’

ಇದು ಆರ್ಡರ್ ಅಲ್ಲ ದೊಡ್ಡಪ್ಪ ಎಂದು ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ತಿಂಡಿ ಕೊಡಿಸಿ, ಆಮೇಲೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ಮಂತ್ರಿ ಬರೆದದ್ದು ಸರ್ಕಾರದ ಮಾತು ಅಲ್ಲ ಅಂದ್ರೆ, ಸರ್ಕಾರದ ಮಾತು ಯಾವುದು?’

ಇವತ್ತಿನ ಉಪನ್ಯಾಸಕ್ಕೆ ಸಂಘಟಕರು ಕೊಟ್ಟ ವಿಷಯ ‘ಮಂತ್ರಿಮಂಡಲದ ಕಾರ್ಯವೈಖರಿ’. ನಾನು ದೊಡ್ಡಪ್ಪನ ಪ್ರಶ್ನೆಗೇ ಉತ್ತರ ಹೇಳುತ್ತೇನೆ. ಎರಡೂ ಒಂದೇ.

ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಪಂಜಾಬಿನ ಪಕ್ಕ ಪೆಪ್ಸು ಎಂಬ ರಾಜ್ಯ ಇತ್ತು. ಅಲ್ಲಿ ಕಂದಾಯ ಇಲಾಖೆಯಲ್ಲಿದ್ದ ಬಚಿತ್ತರ್ ಸಿಂಗ್ ಎಂಬ ನೌಕರರನ್ನು ವಜಾ ಮಾಡಿದರು. ಅವರು ಮೇಲ್ಮನವಿ ಹಾಕಿದರು. ಕಂದಾಯ ಮಂತ್ರಿಗಳು ಫೈಲಿನಲ್ಲಿ, ವಜಾ ಬೇಡ, ಹಳೇ ಹುದ್ದೆಗೆ ಇಳಿಸಿದರೆ ಸಾಕು ಎಂದು ಬರೆದರು. ಆದರೆ ಅದು ಆದೇಶವಾಗಿ ಹೊರಗೆ ಬರಲಿಲ್ಲ. 1956ರಲ್ಲಿ ಪೆಪ್ಸು ರಾಜ್ಯವೇ ಪಂಜಾಬಿನಲ್ಲಿ ಸೇರಿಹೋಯಿತು. ಪಂಜಾಬಿನ ಮುಖ್ಯಮಂತ್ರಿಗಳು ಅದೇ ಫೈಲು ನೋಡಿ ವಜಾವನ್ನೇ ಖಾಯಂ ಮಾಡಿದರು. ಮಂತ್ರಿ ಬರೆದದ್ದೇ ಆದೇಶ ತಾನೇ ಎಂದು ಆ ನೌಕರರು ವಾದಿಸಿದರು. 1962ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಮಂತ್ರಿ ಫೈಲಿನಲ್ಲಿ ಬರೆದದ್ದು ರಾಜ್ಯಪಾಲರ ಹೆಸರಿನಲ್ಲಿ ಆದೇಶವಾಗಿ ಬಂದು, ಸಂಬಂಧಪಟ್ಟವರಿಗೆ ತಲುಪಬೇಕು. ಅಲ್ಲಿಯವರೆಗೆ ಅದು ಅಭಿಪ್ರಾಯ ಮಾತ್ರ, ಯಾವಾಗ ಬೇಕಾದರೂ ಬದಲಾಯಿಸಬಹುದು.

ಫೈಲಿನ ಒಳಗೆ ಬರೆದದ್ದಕ್ಕೇ ಈ ಗತಿ. ಇನ್ನು ಕಾರಿನ ಬಾನೆಟ್ ಮೇಲೆ ಬರೆದ ಶರಾದ, ಅಂದರೆ ಅರ್ಜಿಯ ಮೂಲೆಯ ಟಿಪ್ಪಣಿಯ, ಮಾತು ಹೇಳಬೇಕೇ?

ನಿಮ್ಮಲ್ಲಿ ಯಾರಾದರೂ ಸರ್ಕಾರಿ ಆದೇಶ ನೋಡಿದ್ದರೆ ನೆನಪು ಮಾಡಿಕೊಳ್ಳಿ. ಮೇಲೆ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದಿರುತ್ತದೆ. ಆಮೇಲೆ ವಿಷಯ. ಆಮೇಲೆ ‘ಓದಲಾಗಿದೆ’ ಎಂದು ಹಳೇ ಪತ್ರಗಳ ಪಟ್ಟಿ. ಆಮೇಲೆ ಪ್ರಸ್ತಾವನೆ, ಆಮೇಲೆ ಸಂಖ್ಯೆ, ತಾರೀಕು, ಆದೇಶ. ಕೊನೆಯಲ್ಲಿ ಒಂದು ಸಾಲು: ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ.’ ಅದರ ಕೆಳಗೆ ಸಾಮಾನ್ಯವಾಗಿ ಒಬ್ಬ ಅಧೀನ ಕಾರ್ಯದರ್ಶಿಯ ಸಹಿ. ಮಂತ್ರಿಗಳ ಸಹಿ ಎಲ್ಲೂ ಇರುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಸಾಲನ್ನು ಟೈಪ್ ಮಾಡುವಾಗ ಪ್ರತಿ ಸಲವೂ ಮೈ ಜುಮ್ ಅನ್ನುತ್ತಿತ್ತು. ಸಂವಿಧಾನದ 166ನೇ ವಿಧಿ ಹೇಳುವುದು ಇದನ್ನೇ. ರಾಜ್ಯದ ಎಲ್ಲ ಕೆಲಸವೂ ರಾಜ್ಯಪಾಲರ ಹೆಸರಿನಲ್ಲಿ ನಡೆಯಬೇಕು.

ಹಾಗಾದರೆ ರಾಜ್ಯಪಾಲರೇ ಸರ್ಕಾರವಾ? ಅಲ್ಲ. 163ನೇ ವಿಧಿಯ ಪ್ರಕಾರ ರಾಜ್ಯಪಾಲರು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಕೆಲವೇ ವಿಷಯಗಳಲ್ಲಿ ಅವರಿಗೆ ಸ್ವಂತ ವಿವೇಚನೆ. ಮಂತ್ರಿಮಂಡಲ ಯಾರ ಮಾತು ಕೇಳಬೇಕು? 164ನೇ ವಿಧಿ ನೋಡಿ. ಇಡೀ ಮಂತ್ರಿಮಂಡಲ ಒಟ್ಟಾಗಿ ವಿಧಾನಸಭೆಗೆ ಹೊಣೆ. ವಿಧಾನಸಭೆ ನಿಮಗೆ ಹೊಣೆ. ಅಂದರೆ ರಾಜ್ಯಪಾಲರ ಹೆಸರು, ಮಂತ್ರಿಮಂಡಲದ ತೀರ್ಮಾನ, ಸದನದ ಒಪ್ಪಿಗೆ, ನಿಮ್ಮ ಓಟು. ಒಂದರ ಕೊರಳಿಗೆ ಇನ್ನೊಂದು ಕಟ್ಟಿದೆ.

ಮಂತ್ರಿಯಾಗಲು ಸದನದ ಸದಸ್ಯರಾಗಿರಬೇಕು. ಇಲ್ಲದಿದ್ದರೆ ಆರು ತಿಂಗಳಲ್ಲಿ ಆಗಬೇಕು, ಆಗದಿದ್ದರೆ ಕುರ್ಚಿ ಹೋಗುತ್ತದೆ. ಆರು ತಿಂಗಳು ಮುಗಿಯುವಾಗ ರಾಜೀನಾಮೆ ಕೊಟ್ಟು, ಗೆಲ್ಲದೆ ಮತ್ತೆ ಮಂತ್ರಿಯಾಗುವ ಉಪಾಯವನ್ನು ಪಂಜಾಬಿನಲ್ಲಿ ಮಾಡಿದರು. 2001ರಲ್ಲಿ ಸುಪ್ರೀಂ ಕೋರ್ಟ್ ಅದು ಸಲ್ಲದು ಎಂದಿತು. ನಮ್ಮ ಪಕ್ಕದ ಚಿತ್ರದುರ್ಗದ ಕಥೆ ಇದಕ್ಕಿಂತ ಚೆನ್ನಾಗಿದೆ. ಎಸ್. ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ವಕೀಲಿ ಮಾಡಿದವರು, 1956ರಲ್ಲಿ ಏಕೀಕರಣವಾದ ರಾಜ್ಯದ ಮೊದಲ ಮುಖ್ಯಮಂತ್ರಿ. 1962ರ ಚುನಾವಣೆಯಲ್ಲಿ ಅವರ ಪಕ್ಷ ಗೆದ್ದಿತು, ಆದರೆ ಅವರೇ ಹೊಸದುರ್ಗದಲ್ಲಿ ಸೋತರು. ಆಗ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಗೆದ್ದು ಬಂದರು. ಮಾರ್ಚ್‌ನಲ್ಲಿ ಕೂತಿದ್ದ ಕಂಠಿಯವರು ಜೂನ್‌ನಲ್ಲಿ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಈಗಿನ ಕಾಲಕ್ಕೆ ಕುರ್ಚಿ ಬಿಟ್ಟುಕೊಡುವುದು ಎಷ್ಟು ದೊಡ್ಡ ಮಾತು, ಅಲ್ವಾ? ಸೀಬಾರದ ಹತ್ತಿರ ನಿಜಲಿಂಗಪ್ಪನವರ ಸ್ಮಾರಕ ಇದೆ. ಹೈವೇಯಲ್ಲಿ ಹೋಗುವಾಗ ಒಂದು ಸಲ ಇಳಿದು ನೋಡಿ.

ಮಂತ್ರಿಗಳ ಸಂಖ್ಯೆಗೂ ಮಿತಿ ಇದೆ. 2003ರಲ್ಲಿ 91ನೇ ತಿದ್ದುಪಡಿ ಬಂತು. ವಿಧಾನಸಭೆಯ ಸದಸ್ಯರಲ್ಲಿ ನೂರಕ್ಕೆ 15ಕ್ಕಿಂತ ಜಾಸ್ತಿ ಮಂತ್ರಿಗಳು ಇರಬಾರದು. ನಮ್ಮಲ್ಲಿ 224 ಸ್ಥಾನ, ಆದ್ದರಿಂದ ಮುಖ್ಯಮಂತ್ರಿಯೂ ಸೇರಿ 34. ಉಪಮುಖ್ಯಮಂತ್ರಿ, ಜಿಲ್ಲಾ ಉಸ್ತುವಾರಿ ಸಚಿವ ಎಂಬ ಹುದ್ದೆಗಳು ಸಂವಿಧಾನದಲ್ಲಿ ಇಲ್ಲ. ಉಸ್ತುವಾರಿ ಸಚಿವರು ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಕೆಡಿಪಿ ಸಭೆ ಮಾಡಿ ಅಧಿಕಾರಿಗಳನ್ನು ಕೇಳಬಹುದು, ಚುರುಕು ಮುಟ್ಟಿಸಬಹುದು. ಬೇರೆ ಇಲಾಖೆಯ ಫೈಲಿಗೆ ಅವರು ಮಂಜೂರಾತಿ ಕೊಡಲು ಬರುವುದಿಲ್ಲ.

ದೊಡ್ಡಪ್ಪ ಸೋತದ್ದು ಇಲ್ಲೇ. ಯಾವ ಕೆಲಸ ಯಾವ ಇಲಾಖೆಗೆ ಎಂದು ಹಂಚಲು 1977ರ ನಿಯಮಗಳಿವೆ. ಕೆಲಸ ಹೇಗೆ ನಡೆಯಬೇಕು ಎನ್ನುವುದಕ್ಕೂ ಅದೇ ವರ್ಷದ ಇನ್ನೊಂದು ನಿಯಮಾವಳಿ ಇದೆ. ಖಾತೆ ಹಂಚಿಕೆ ಎಂದರೆ ಪೇಪರಿನಲ್ಲಿ ‘ಖಾತೆ ಕ್ಯಾತೆ’ ಎಂದು ಓದಿ ಬಿಟ್ಟುಬಿಡುತ್ತೇವೆ. ಆದರೆ ನಿಮ್ಮ ಅರ್ಜಿ ಬದುಕುವುದೂ ಸಾಯುವುದೂ ಆ ಹಂಚಿಕೆಯಲ್ಲೇ. ಕೆರೆ ಎಂದರೆ ಸಣ್ಣ ನೀರಾವರಿ ಎಂದುಕೊಂಡು ದೊಡ್ಡಪ್ಪ ಆ ಮಂತ್ರಿಗಳನ್ನು ಹುಡುಕಿಕೊಂಡು ಹೋಗಿದ್ದರು. ನಮ್ಮ ಊರ ಕೆರೆಯ ಅಚ್ಚುಕಟ್ಟು, ಅಂದರೆ ಕೆರೆ ನೀರು ಉಣ್ಣುವ ಜಮೀನು, 40 ಹೆಕ್ಟೇರಿಗಿಂತ ಕಡಿಮೆ. ಅಂಥ ಕೆರೆ ಜಿಲ್ಲಾ ಪಂಚಾಯಿತಿಗೆ ಸೇರಿದ್ದು. 40ರಿಂದ 2000 ಹೆಕ್ಟೇರಿನವರೆಗೆ ಸಣ್ಣ ನೀರಾವರಿ, ಅದಕ್ಕಿಂತ ದೊಡ್ಡದು ಜಲಸಂಪನ್ಮೂಲ. ದೊಡ್ಡಪ್ಪ ಎರಡು ವರ್ಷ ಕಾದದ್ದು ಬೇರೆ ಮನೆಯ ಬಾಗಿಲಲ್ಲಿ. ಆ ಮಂತ್ರಿಗಳು ಒಳ್ಳೆಯ ಮನಸ್ಸಿನಿಂದಲೇ ಬರೆದಿರಬಹುದು. ‘ಇದು ನನ್ನ ಇಲಾಖೆ ಅಲ್ಲ ಅಜ್ಜ, ಅಲ್ಲಿಗೆ ಕೊಡಿ’ ಎಂದಿದ್ದರೆ ಇನ್ನೂ ದೊಡ್ಡ ಉಪಕಾರ ಆಗುತ್ತಿತ್ತು.

ಇನ್ನು ದೊಡ್ಡ ಕೆಲಸ ಹೇಗೆ ನಡೆಯುತ್ತದೆ ನೋಡೋಣ. ನಮ್ಮ ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತರುವ ಯೋಜನೆ ನಿಮಗೆಲ್ಲ ಗೊತ್ತು. ಅಂಥ ಒಂದು ಯೋಜನೆಗೆ ಏನೆಲ್ಲ ಬೇಕು ಯೋಚನೆ ಮಾಡಿ. ನದಿಯ ನೀರು ಒಂದು ಇಲಾಖೆ, ಕೆರೆ ಇನ್ನೊಂದು. ಪಂಪಿಗೆ ಕರೆಂಟು ಇಂಧನ ಇಲಾಖೆ. ಪೈಪು ಹೋಗುವ ಜಮೀನು ಕಂದಾಯ, ನಡುವೆ ಕಾಡು ಸಿಕ್ಕರೆ ಅರಣ್ಯ. ದುಡ್ಡು ಆರ್ಥಿಕ ಇಲಾಖೆ. ಒಬ್ಬ ಮಂತ್ರಿ ಎಷ್ಟೇ ಗಟ್ಟಿಗರಾದರೂ ಒಬ್ಬರೇ ಇದನ್ನು ಮಾಡಲು ಆಗುವುದಿಲ್ಲ. ಎಲ್ಲರೂ ಒಂದು ಮೇಜಿನ ಸುತ್ತ ಕೂರಲೇಬೇಕು. ಸಂಪುಟ ಇರುವುದು ಅದಕ್ಕೆ.

ಫೈಲು ಆ ಮೇಜಿಗೆ ಬರುವ ದಾರಿ ಉದ್ದ. ಶಾಖೆಯಲ್ಲಿ ಸಹಾಯಕರು ಟಿಪ್ಪಣಿ ಬರೆಯುತ್ತಾರೆ. ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಕಾರ್ಯದರ್ಶಿ, ಹೀಗೆ ಮೆಟ್ಟಿಲು ಹತ್ತಿ ಮಂತ್ರಿಗಳಿಗೆ ಹೋಗುತ್ತದೆ. ಖರ್ಚಿನ ವಿಷಯವಾದರೆ ಆರ್ಥಿಕ ಇಲಾಖೆಯ ಸಹಮತಿ ಬೇಕು. ಕಾನೂನು ತೊಡಕಿದ್ದರೆ ಕಾನೂನು ಇಲಾಖೆ. ಆಮೇಲೆ ಸಂಪುಟ ಟಿಪ್ಪಣಿ ತಯಾರಾಗುತ್ತದೆ. ಅದನ್ನು ಬರೆಯುವುದು ಕಷ್ಟದ ಕೆಲಸ. ಯಾಕೆ ಬೇಕು, ಎಷ್ಟು ಖರ್ಚು, ಬೇರೆ ಇಲಾಖೆಗಳು ಏನು ಹೇಳಿವೆ, ಯಾರು ಒಪ್ಪಿಲ್ಲ, ಎಲ್ಲವೂ ಅದರಲ್ಲಿ ಇರಬೇಕು. ಒಪ್ಪದವರ ಮಾತನ್ನು ಬಿಟ್ಟು ಟಿಪ್ಪಣಿ ಬರೆಯಬಾರದು ಎಂದು ನನ್ನ ಮೊದಲ ಶಾಖಾಧಿಕಾರಿ ಹೇಳಿಕೊಟ್ಟಿದ್ದರು. ಒಮ್ಮೆ ನಾನು ಆರ್ಥಿಕ ಇಲಾಖೆಯ ಆಕ್ಷೇಪವನ್ನು ಅರ್ಧ ಸಾಲಿಗೆ ಇಳಿಸಿದ್ದೆ. ಅವರು ಹಾಳೆ ವಾಪಸ್ ಕೊಟ್ಟು ‘ಪೂರ್ತಿ ಬರಿ. ಒಳಗೆ ಕೂತವರಿಗೆ ಗೊತ್ತಾಗಬೇಕು’ ಎಂದರು. ಸಂಜೆ ಏಳರವರೆಗೆ ಕೂತು ಮತ್ತೆ ಬರೆದೆ. ಇವತ್ತಿಗೂ ಅವರನ್ನು ನೆನೆಯುತ್ತೇನೆ.

ಸಂಪುಟ ಎಂಬ ಪದ ನನಗೆ ಬಹಳ ಇಷ್ಟ. ಸಂಪುಟ ಎಂದರೆ ಮುಚ್ಚಳ ಇರುವ ಪುಟ್ಟ ಪೆಟ್ಟಿಗೆ, ಕರಡಿಗೆಯ ಹಾಗೆ. ಒಳಗಿನದು ಒಳಗೇ ಇರಬೇಕು. ಅದಕ್ಕೇ ಮಂತ್ರಿಗಳು ಅಧಿಕಾರದ ಪ್ರಮಾಣದ ಜೊತೆ ಗೋಪ್ಯತೆಯ ಪ್ರಮಾಣವನ್ನೂ ಮಾಡುತ್ತಾರೆ. ಗುಟ್ಟು ಯಾಕೆ ಎಂದು ನನ್ನ ಮೊಮ್ಮಗಳು ಕೇಳಿದಳು. ಒಳಗೆ ಬಾಯಿ ಬಿಚ್ಚಿ ಜಗಳ ಆಡಲು ಗುಟ್ಟು ಬೇಕು. ನಾನು ಮುಖ್ಯಮಂತ್ರಿಯ ಮಾತಿಗೆ ಎದುರು ಹೇಳಿದ್ದು ನಾಳೆ ಪೇಪರಿನಲ್ಲಿ ಬರುತ್ತದೆ ಎಂದರೆ ಯಾವ ಮಂತ್ರಿಯೂ ಬಾಯಿ ತೆರೆಯುವುದಿಲ್ಲ. ಸಾಮಾನ್ಯವಾಗಿ ಒಳಗೆ ಕೈ ಎತ್ತಿಸಿ ಓಟು ಹಾಕಿಸುವುದಿಲ್ಲ. ಎಲ್ಲರ ಮಾತು ಕೇಳಿ ಮುಖ್ಯಮಂತ್ರಿ ತೀರ್ಮಾನ ಹೇಳುತ್ತಾರೆ. ಮುಖ್ಯ ಕಾರ್ಯದರ್ಶಿ ಅದನ್ನು ದಾಖಲು ಮಾಡಿಸುತ್ತಾರೆ. ಹೊರಗೆ ಬಂದ ಮೇಲೆ ಅದು ಎಲ್ಲರ ತೀರ್ಮಾನ. ಒಳಗೆ ವಿರೋಧಿಸಿದವರದ್ದೂ.

ಒಪ್ಪಲು ಆಗದಿದ್ದರೆ? ಹೊರಗೆ ಹೋಗಬೇಕು. 1951ರಲ್ಲಿ ಡಾ. ಅಂಬೇಡ್ಕರ್ ಕೇಂದ್ರದ ಕಾನೂನು ಮಂತ್ರಿ. ಹಿಂದೂ ಕೋಡ್ ಮಸೂದೆ ಸಂಸತ್ತಿನಲ್ಲಿ ನಿಂತುಹೋಯಿತು. ಹೆಣ್ಣುಮಕ್ಕಳಿಗೆ ಆಸ್ತಿ, ವಿಚ್ಛೇದನದ ಹಕ್ಕು ಕೊಡುವ ಮಸೂದೆ ಅದು. ಅವರು ರಾಜೀನಾಮೆ ಕೊಟ್ಟರು, ಆಮೇಲೆ ಕಾರಣಗಳನ್ನು ಬಿಡಿಸಿ ಬಿಡಿಸಿ ಹೇಳಿದರು. 1956ರಲ್ಲಿ ಹಣಕಾಸು ಮಂತ್ರಿ ಸಿ.ಡಿ. ದೇಶಮುಖ್ ಬೊಂಬಾಯಿ ನಗರದ ವಿಷಯದಲ್ಲಿ ಸರ್ಕಾರದ ನಿಲುವು ಒಪ್ಪದೆ ಹೊರಬಂದರು. ಅದೇ ವರ್ಷ ನವೆಂಬರಿನಲ್ಲಿ ತಮಿಳುನಾಡಿನ ಅರಿಯಲೂರಿನ ಹತ್ತಿರ ರೈಲು ಅಪಘಾತವಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಮಂತ್ರಿ ಲಾಲ್ ಬಹದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟರು. ರೈಲು ಓಡಿಸಿದ್ದು ಅವರಲ್ಲ, ಸೇತುವೆ ಕಟ್ಟಿದ್ದೂ ಅವರಲ್ಲ. ಇಲಾಖೆ ನನ್ನದು, ಸದನಕ್ಕೆ ಉತ್ತರ ಕೊಡಬೇಕಾದವನು ನಾನು ಎಂದು ಹೋದರು. ಇಂಥ ರಾಜೀನಾಮೆ ಈಗ ಕಡಿಮೆಯಾಗಿದೆ. ನನಗೆ ಅದು ನಿಜವಾಗಿಯೂ ಸಂಕಟದ ವಿಷಯ.

ಸಂಪುಟವನ್ನೇ ಪಕ್ಕಕ್ಕೆ ಇಟ್ಟರೆ ಏನಾಗುತ್ತದೆ? 1975ರ ಜೂನ್ 25ರ ರಾತ್ರಿ ಇದಕ್ಕೆ ಉತ್ತರ. ಪ್ರಧಾನಿ ಇಂದಿರಾ ಗಾಂಧಿ ತುರ್ತುಪರಿಸ್ಥಿತಿ ಘೋಷಿಸಲು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರಿಗೆ ಪತ್ರ ಬರೆದರು. ಸಂಪುಟ ಸೇರಿರಲಿಲ್ಲ. ರಾಷ್ಟ್ರಪತಿ ಸಹಿ ಹಾಕಿದರು. ಮಾರನೇ ದಿನ ಬೆಳಗಿನ ಜಾವ ಮಂತ್ರಿಗಳನ್ನು ಎಬ್ಬಿಸಿ ಕರೆಸಿ, ಆಗಿಹೋದದ್ದಕ್ಕೆ ಒಪ್ಪಿಗೆ ಪಡೆದರು. ಅಷ್ಟು ಹೊತ್ತಿಗೆ ದೊಡ್ಡ ದೊಡ್ಡ ನಾಯಕರು ಜೈಲಿನಲ್ಲಿದ್ದರು. ಕೋಟಿಗಟ್ಟಲೆ ಜನರ ಹಕ್ಕನ್ನು ಮುಟ್ಟುವ ತೀರ್ಮಾನದ ಮುಂಚೆ ಆ ಮೇಜಿನ ಸುತ್ತ ಒಂದು ಮಾತೂ ನಡೆಯಲಿಲ್ಲ.

ಆಮೇಲೆ ಬಂದದ್ದು 1978ರ 44ನೇ ತಿದ್ದುಪಡಿ. ಸಂಪುಟದ ತೀರ್ಮಾನ ಲಿಖಿತವಾಗಿ ಕೈಗೆ ಬರದೆ ರಾಷ್ಟ್ರಪತಿಗಳು ತುರ್ತುಪರಿಸ್ಥಿತಿ ಘೋಷಿಸಬಾರದು ಎಂದು 352ನೇ ವಿಧಿಯಲ್ಲಿ ಸೇರಿಸಿದರು. ನಿಮಗೆ ಆಶ್ಚರ್ಯ ಆಗಬಹುದು. ಮೂಲ ಸಂವಿಧಾನದಲ್ಲಿ ‘ಮಂತ್ರಿಮಂಡಲ’ ಇತ್ತು, ‘ಸಂಪುಟ’ ಎಂಬ ಪದ ಇರಲಿಲ್ಲ. ಆ ಪದ ಒಳಗೆ ಬಂದದ್ದು ಈ ತಿದ್ದುಪಡಿಯಿಂದ. ಪೆಟ್ಟು ತಿಂದ ಮೇಲೆ ಬರೆದುಕೊಂಡದ್ದು.

ನಮ್ಮ ರಾಜ್ಯದಲ್ಲೂ 2019ರ ಜುಲೈ 26ರಿಂದ ಆಗಸ್ಟ್ 20ರವರೆಗೆ ಮುಖ್ಯಮಂತ್ರಿ ಒಬ್ಬರೇ ಇದ್ದರು, ಬೇರೆ ಮಂತ್ರಿಗಳಿರಲಿಲ್ಲ. ಉತ್ತರ ಕರ್ನಾಟಕದಲ್ಲಿ ನೆರೆ ಬಂದಿದ್ದ ಹೊತ್ತು ಅದು. ಯಾವ ಪಕ್ಷ ಎನ್ನುವುದು ನನಗೆ ಮುಖ್ಯ ಅಲ್ಲ. ಯಾವ ಪಕ್ಷವೇ ಆಗಲಿ, ಎದುರು ಮಾತಾಡುವವರು ಒಬ್ಬರೂ ಇಲ್ಲದ ಕೋಣೆಯಲ್ಲಿ ಸರ್ಕಾರ ನಡೆಯಬಾರದು.

ಮಂತ್ರಿಮಂಡಲ ಉಳಿಯಿತಾ ಬಿತ್ತಾ ಎಂದು ತೂಗುವ ತಕ್ಕಡಿ ಸದನದಲ್ಲಿ ಮಾತ್ರ ಇದೆ. ಇದನ್ನು ದೇಶಕ್ಕೆ ಕಲಿಸಿದ್ದು ನಮ್ಮ ಕರ್ನಾಟಕದ ಪ್ರಕರಣ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. 19 ಶಾಸಕರು ಬೆಂಬಲ ಹಿಂತೆಗೆದಿದ್ದಾರೆ ಎಂದು ರಾಜ್ಯಪಾಲರಿಗೆ ಪತ್ರಗಳು ಹೋದವು. ಆಮೇಲೆ ಅವರಲ್ಲಿ ಏಳು ಜನ, ನಾವು ಹಾಗೆ ಹೇಳಿಲ್ಲ ಎಂದರು. ಸದನ ಕರೆಯಿರಿ, ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರು. ರಾಜ್ಯಪಾಲರು ಕೇಳಲಿಲ್ಲ. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಎನ್ನುವುದು ರಾಜಭವನದಲ್ಲಿ ತೀರ್ಮಾನ ಆಗುವ ವಿಷಯ ಅಲ್ಲ, ಸದನದಲ್ಲೇ ಆಗಬೇಕು. 1999ರಲ್ಲಿ ವಾಜಪೇಯಿ ಸರ್ಕಾರ 269ಕ್ಕೆ 270, ಒಂದೇ ಓಟಿನಲ್ಲಿ ಬಿತ್ತು. 2019ರಲ್ಲಿ ಕುಮಾರಸ್ವಾಮಿ ಸರ್ಕಾರ 99ಕ್ಕೆ 105ರಲ್ಲಿ ಬಿತ್ತು. ಇಡೀ ಮಂತ್ರಿಮಂಡಲ ಒಟ್ಟಿಗೆ ಎದ್ದು ಹೊರಗೆ ಹೋಯಿತು. ಒಬ್ಬೊಬ್ಬರಾಗಿ ಅಲ್ಲ.

ಸರ್ಕಾರದ ಒಂದು ತೀರ್ಮಾನದ ತೂಕ ಎಷ್ಟು ಎಂದು ತಿಳಿಯಬೇಕಾದರೆ ನಿಮ್ಮ ಆಧಾರ್ ಕಾರ್ಡಿನ ವಿಳಾಸ ನೋಡಿ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಏಳು ಹೊಸ ಜಿಲ್ಲೆ ಮಾಡಿತು. ದಾವಣಗೆರೆ ಅದರಲ್ಲಿ ಒಂದು. ಪಟೇಲರು ನಮ್ಮ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಅಲ್ಲಿಯವರೆಗೆ ಜಗಳೂರಿನವರು ಕೆಲಸಕ್ಕೆ ದುರ್ಗಕ್ಕೆ ಹೋಗುತ್ತಿದ್ದರು, ಹೊನ್ನಾಳಿ ಚನ್ನಗಿರಿಯವರು ಶಿವಮೊಗ್ಗಕ್ಕೆ. ಆಗ ನಮ್ಮ ಜಿಲ್ಲೆಗೆ ಬಂದ ಹರಪನಹಳ್ಳಿ 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ವಿಶೇಷ ಸೌಲಭ್ಯ ಕೊಡುವ 371ಜೆ ವಿಧಿಯ ಲಾಭ ಆ ಜನರಿಗೆ ಬೇಕಿತ್ತು.

ಕೊನೆಗೆ ಒಂದು ವಿಷಯ ಹೇಳಲೇಬೇಕು. ಇದು ವಿದ್ಯಾರ್ಥಿಗಳಿಗೆ. ಮಂತ್ರಿ ಅರ್ಜಿಯ ಮೂಲೆಯಲ್ಲಿ ಬರೆದದ್ದಕ್ಕೆ ಬೆಲೆ ಇಲ್ಲ ಎಂದೆ. ಅದೇ ಮಂತ್ರಿ ಸದನದಲ್ಲಿ ಎದ್ದು ನಿಂತು ‘ಈ ಕೆಲಸ ಮಾಡಿಸುತ್ತೇನೆ’ ಎಂದರೆ ಅದಕ್ಕೆ ಬಹಳ ಬೆಲೆ ಇದೆ. ಅದು ಭರವಸೆ ಎಂದು ದಾಖಲಾಗುತ್ತದೆ. ಭರವಸೆಗಳ ಸಮಿತಿ ಎಂಬ ಸದನ ಸಮಿತಿ ಇದೆ. ಹೇಳಿದ್ದು ಮಾಡಿದಿರಾ, ಎಷ್ಟು ಮಾಡಿದಿರಿ ಎಂದು ಅದು ಇಲಾಖೆಯನ್ನು ಕೇಳುತ್ತದೆ. ಆ ಸಮಿತಿಯಿಂದ ಪತ್ರ ಬಂದ ದಿನ ನಮ್ಮ ಶಾಖೆಯಲ್ಲಿ ಯಾರೂ ಊಟಕ್ಕೆ ಬೇಗ ಏಳುತ್ತಿರಲಿಲ್ಲ. ನಿಮ್ಮ ಶಾಸಕರನ್ನು ಮದುವೆಗೆ, ಗೃಹಪ್ರವೇಶಕ್ಕೆ ಕರೆಯಿರಿ, ತಪ್ಪಿಲ್ಲ. ಜೊತೆಗೆ, ಸದನದಲ್ಲಿ ನಮ್ಮ ಊರಿನ ಬಗ್ಗೆ ಏನು ಪ್ರಶ್ನೆ ಹಾಕಿದಿರಿ, ಮಂತ್ರಿಗಳು ಏನು ಉತ್ತರ ಕೊಟ್ಟರು ಎಂದೂ ಕೇಳಿ. ಉತ್ತರ ಅಚ್ಚಾಗಿ ಸಿಗುತ್ತದೆ.

ದೊಡ್ಡಪ್ಪನ ಕೋಡಿ ಏನಾಯಿತು ಎಂದು ಕೇಳುತ್ತೀರಿ. ಕ್ಯಾಂಟೀನಿನಲ್ಲೇ ಕೂತು ಹೊಸ ಅರ್ಜಿ ಬರೆದೆವು. ಕೆರೆಯ ಸರ್ವೆ ನಂಬರು, ಅಚ್ಚುಕಟ್ಟು ಎಷ್ಟು, ಕೋಡಿ ಯಾವಾಗ ಒಡೆಯಿತು, ಎಲ್ಲ ಹಾಕಿದೆವು. ಜಿಲ್ಲಾ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ ಎಂದೆ. ತಗೊಂಡರು. ಮುಂದಿನ ಬೇಸಿಗೆಯಲ್ಲಿ ಕೋಡಿ ಕಟ್ಟಿದರು. ಆ ವರ್ಷ ಕೆರೆ ಅರ್ಧ ತುಂಬಿತ್ತು ಎಂದು ದೊಡ್ಡಪ್ಪ ಫೋನ್ ಮಾಡಿಸಿ ಹೇಳಿದ್ದರು.

ಈ ಹಳೇ ಹಾಳೆಯನ್ನು ಮಾತ್ರ ಅವರು ಎಸೆಯಲಿಲ್ಲ. ಅವರು ತೀರಿಕೊಂಡ ಮೇಲೆ ಅಣ್ಣ ಟ್ರಂಕಿನಿಂದ ತೆಗೆದು ನನಗೆ ಕೊಟ್ಟ. ಮೇಜಿನ ಮೇಲೆ ಇಟ್ಟಿರುತ್ತೇನೆ, ಬಂದು ನೋಡಿ. ನಿಧಾನ ಹಿಡಿಯಿರಿ, ಮಡಿಕೆ ಹರಿದೀತು. ಹಿಂದೆ ತಿರುಗಿಸಿದರೆ ಪೆನ್ಸಿಲಿನ ಲೆಕ್ಕ ಇದೆ. ಜಗಳೂರಿನಿಂದ ದಾವಣಗೆರೆ, ದಾವಣಗೆರೆಯಿಂದ ಬೆಂಗಳೂರು, ಒಂದು ಊಟ, ವಾಪಸ್ ಬಸ್ಸು. ಕೆಳಗೆ ಗೆರೆ ಎಳೆದು ಕೂಡಿಸಿದ್ದಾರೆ.